ಐದೆಳೆಯ ಮರ್ಯಾದೆ

ಹೆಬ್ಬಾಲೆಯಿಂದ ಕಾಲುವೆ ಏರಿಯ ಮೇಲೆ ಸ್ವಲ್ಪ ಒಳಗೆ ಹೋದರೆ ಸಿಗುವ ಊರಿನಲ್ಲಿ ಸಣ್ಣಸ್ವಾಮಿ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಸಣ್ಣಸ್ವಾಮಿ ಎಂದು ನಿಮ್ಮನ್ನೇ ಕೇಳುತ್ತಾರೆ. ಆ ಹೆಸರಿನವರು ಅಲ್ಲಿ ಬೇಕಾದಷ್ಟಿದ್ದಾರೆ. ಫ್ಯೂಸ್ ಸಣ್ಣಸ್ವಾಮಿ ಎಂದರೆ ಮಾತ್ರ ಕೇಳಿದವರು ಕೇಳದವರು ಎಲ್ಲರೂ ಕೈ ತೋರಿಸುತ್ತಾರೆ. ಅವನು ಕಲಿತ ವೈರ್‌ಮನ್ ಏನಲ್ಲ. ಒಂದಿಷ್ಟು ಗದ್ದೆ, ಒಂದಿಷ್ಟು ಶುಂಠಿ, ಮಳೆ ಹಿಡಿದರೆ ಮುಸುಕಿನ ಜೋಳ, ಇಷ್ಟು ಮಾಡಿಕೊಂಡಿರುವ ರೈತ. ಹರೆಯದಲ್ಲಿ ಲೈಟು ಕಂಬ ನೆಡುವ ಗುತ್ತಿಗೆದಾರನ ಜೊತೆ ಒಂದು ಬೇಸಿಗೆ ಗುಂಡಿ ತೋಡಲು ಹೋಗಿದ್ದ. ಕರೆಂಟಿನ ವಿಷಯದಲ್ಲಿ ಅವನ ವಿದ್ಯಾಭ್ಯಾಸ ಅಷ್ಟೇ. ಕಂಬದ ಗುಂಡಿ ತೋಡಿದವನಿಗೆ ಕರೆಂಟೂ ಗೊತ್ತಿರಲೇಬೇಕು ಎಂದು ಊರು ತಾನಾಗಿ ತೀರ್ಮಾನಿಸಿತು. ಅವನೂ ಅಲ್ಲ ಎನ್ನಲಿಲ್ಲ.

ಅವನು ಹೆಸರು ಮಾಡಿದ್ದು ಒಂದೇ ಕಾರಣಕ್ಕೆ. ಅವನು ಕಟ್ಟಿದ ಫ್ಯೂಸ್ ಹೋಗುತ್ತಿರಲಿಲ್ಲ.

ಬೇರೆಯವರು ಕಟ್ಟಿದ್ದು ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುವ ಸಣ್ಣ ಫ್ಯೂಸ್ ತಂತಿ ಕಟ್ಟಿಟ್ಟರೆ, ಮನೆಯವರು ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಹೀಟರನ್ನೂ ಒಟ್ಟಿಗೆ ಹಾಕಿದ ದಿನ ಅದು ಟಪ್ ಎಂದು ಕರಗಿ ಫ್ಯಾನು, ಟಿವಿ ಎಲ್ಲ ನಿಲ್ಲುತ್ತಿತ್ತು. ಆಗ ಸಣ್ಣಸ್ವಾಮಿಗೆ ಫೋನ್. ಅವನು ಬಂದು ಮೇನ್ ಸ್ವಿಚ್ ಇಳಿಸಿ, ಮೀಟರ್ ಪಕ್ಕದ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗೈ ಮೇಲಿಟ್ಟು ನೋಡುತ್ತಿದ್ದ. ಕರಗಿದ ತಂತಿಯ ಚೂರನ್ನು ಉಗುರಿನಲ್ಲಿ ಎತ್ತಿ, "ಇದೂ ಒಂದು ತಂತಿಯಾ?" ಎಂದು ಅಂಗಳಕ್ಕೆ ಎಸೆಯುತ್ತಿದ್ದ. ಆಮೇಲೆ ಜೇಬಿನಿಂದ ಹಳೇ ವೈರಿನ ತುಂಡು ತೆಗೆದು, ಹಲ್ಲಿನಿಂದ ಸಿಪ್ಪೆ ಸುಲಿದು, ಒಳಗಿನ ತಾಮ್ರದ ಎಳೆಗಳನ್ನು ಬಿಡಿಸಿ, ಬೇಕಾದಷ್ಟನ್ನು ಸೇರಿಸಿ ದೀಪದ ಬತ್ತಿ ಹೊಸೆದಂತೆ ಹೊಸೆದು, ಪಿಂಗಾಣಿಯ ಎರಡು ತುದಿಯ ಸ್ಕ್ರೂಗಳಿಗೆ ಸುತ್ತಿ ಬಿಗಿ ಮಾಡುತ್ತಿದ್ದ. ಅಲ್ಲಿಗೆ ಆ ಮನೆಯ ಫ್ಯೂಸಿನ ಚಿಂತೆ ಮುಗಿಯಿತು. ಮತ್ತೆ ಯಾರೂ ಅದರ ಮುಖ ನೋಡಬೇಕಾಗಿರಲಿಲ್ಲ.

ಎಷ್ಟು ಎಳೆ ಸೇರಿಸಬೇಕು ಎನ್ನುವುದನ್ನು ಅವನು ಮನೆಯ ಬಳಕೆ ನೋಡಿ ತೀರ್ಮಾನಿಸುತ್ತಿರಲಿಲ್ಲ, ಮನೆಯವರನ್ನು ನೋಡಿ ತೀರ್ಮಾನಿಸುತ್ತಿದ್ದ. ಬರೀ ಪರಿಚಯದವರಾದರೆ ಎರಡೆಳೆ. ಒಂದೇ ಕೇರಿಯವರಾದರೆ ಮೂರು. ನೆಂಟರಾದರೆ ನಾಲ್ಕು. ಬಾಗಿಲಲ್ಲೇ ನಿಲ್ಲಿಸಿ, ಕಾಫಿ ಬೇಕಾ ಎಂದು ಬಾಯಿಮಾತಿಗೂ ಕೇಳದ ಮನೆಗೆ ಒಂದೇ ಎಳೆ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಈ ಲೆಕ್ಕಾಚಾರ ಊರಿಗೆಲ್ಲ ಗೊತ್ತಿತ್ತು. ಮೂರು ಹಾಕಿಸಿಕೊಂಡವರು ಎರಡು ಹಾಕಿಸಿಕೊಂಡವರ ಮುಂದೆ ಆ ಸಂಗತಿಯನ್ನು ಹೇಗಾದರೂ ಮಾತಿನ ನಡುವೆ ತರುತ್ತಿದ್ದರು. ಒಮ್ಮೆ ಗದ್ದೆ ಬದುವಿನ ಜಗಳದಲ್ಲಿ ಅವನ ದಾಯಾದಿಯೊಬ್ಬ ಊರವರ ಮುಂದೆ ಎದ್ದು ನಿಂತು, "ನನ್ನ ಮನೆಗೆ ಎರಡೇ ಎಳೆ ಹಾಕವ್ನೆ, ಒಂದೇ ರಕ್ತದೋನು ಮಾಡೋ ಕೆಲ್ಸವಾ ಇದು?" ಎಂದು ಕಣ್ಣೀರು ಹಾಕಿದ್ದುಂಟು. ಊರವರು ಅವನಿಗೆ ಇನ್ನೆರಡು ಎಳೆ ಹಾಕಿಸಿ ರಾಜಿ ಮಾಡಿದರು. ಬದು ಇದ್ದಲ್ಲೇ ಇತ್ತು.

ಈ ನಡುವೆ ಊರಿನಲ್ಲಿ ಟಿವಿಗಳು ಸುಟ್ಟವು. ಮಿಕ್ಸಿಗಳು ಹೊಗೆಯಾಡಿದವು. ಶುಂಠಿ ತೊಳೆಯುವ ಮೋಟರುಗಳು ಒಂದರ ಹಿಂದೆ ಒಂದು ರಿಪೇರಿಗೆ ಕುಶಾಲನಗರಕ್ಕೆ ಹೋಗಿ ಬಂದವು. ವೋಲ್ಟೇಜು ಸರಿಯಿಲ್ಲ ಎಂದು ಕೆಲವರೂ, ಈಗ ಬರುವ ಸಾಮಾನೇ ಇಷ್ಟು ಎಂದು ಕೆಲವರೂ, ಯಾರದೋ ಕಣ್ಣು ಎಂದು ಉಳಿದವರೂ ಸಮಾಧಾನ ಮಾಡಿಕೊಂಡರು. ಇಷ್ಟೆಲ್ಲ ಸುಟ್ಟರೂ ಫ್ಯೂಸು ಅಲ್ಲಾಡಲಿಲ್ಲವಲ್ಲ ಎಂದು ಎಲ್ಲರೂ ಸಣ್ಣಸ್ವಾಮಿಯ ಕೈಗುಣವನ್ನೇ ಹೊಗಳಿದರು. ಟಿವಿ ಬಹುಕಾಲ ಬಾಳಿದ್ದು ಅವನಿಗೆ ಕಾಫಿ ಕೊಡದ ಮನೆಗಳಲ್ಲಿ ಮಾತ್ರ. ಅದನ್ನು ಯಾರೂ ಗಮನಿಸಲಿಲ್ಲ.

ಅವನಿಗೂ ಹೆಂಡತಿ ಕಾಮಾಕ್ಷಮ್ಮನಿಗೂ ಒಬ್ಬಳೇ ಮಗಳು, ದಿವ್ಯಶ್ರೀ. ಅವಳನ್ನು ಕೊಡ್ಲಿಪೇಟೆ ಹತ್ತಿರದ ಧರ್ಮಪ್ಪನವರ ಮಗ ಸತೀಶನಿಗೆ ಕೊಟ್ಟರು. ಮದುವೆ ಮುಗಿದು ಗಂಡಿನ ಮನೆಯಲ್ಲಿ ಬೀಗರ ಊಟ ನಡೆಯುತ್ತಿದ್ದಾಗ, ಎರಡನೇ ಪಂಕ್ತಿಗೆ ಮುದ್ದೆ ಬಡಿಸುತ್ತಿದ್ದ ಹೊತ್ತಿಗೆ, ಚಪ್ಪರಕ್ಕೆ ಕಟ್ಟಿದ್ದ ಸೀರಿಯಲ್ ಸೆಟ್ಟಿನ ದೀಪಗಳ ಭಾರಕ್ಕೋ ಏನೋ ಫ್ಯೂಸ್ ಹೋಯಿತು. ಸಣ್ಣಸ್ವಾಮಿ ಎಲೆ ಬಿಟ್ಟು ಎದ್ದ. ಕೈ ತೊಳೆದು, ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿ, ಕುರ್ಚಿ ಹತ್ತಿ ನಿಂತು, ಎರಡೂ ಕಡೆಯ ನೆಂಟರ ಮುಂದೆ ಎಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಇಲ್ಲಿಗೆ ನಿಲ್ಲುತ್ತದೆ ಎಂದು ಅವನ ಊರಿನವರು ತಿಳಿದುಕೊಂಡಿದ್ದರು. ಅವನು ಐದನೆಯದನ್ನೂ ಎತ್ತಿದ. ಹೆಬ್ಬಾಲೆ ಕಡೆಯ ಪಂಕ್ತಿಯಲ್ಲಿ ಮುದ್ದೆ ಮುರಿಯುತ್ತಿದ್ದ ಕೈಗಳು ನಿಂತವು. ಐದೆಳೆಯನ್ನು ಅವನು ಅದುವರೆಗೆ ಯಾರಿಗೂ ಹಾಕಿರಲಿಲ್ಲ. ಸಂಗತಿ ಏನೆಂದು ಪಕ್ಕದವರಿಂದ ತಿಳಿದ ಧರ್ಮಪ್ಪನವರು ಪಂಕ್ತಿಯ ನಡುವೆ ಬಂದು ನಿಂತರು. ನಮ್ಮ ಬೀಗರು ಅಂದರೆ ಬೀಗರು ಎಂದು ಅವರು ಮಗನ ಭುಜ ಹಿಡಿದು ಅಲ್ಲಾಡಿಸಿದರು.

ಮದುವೆಯ ಮುಂದಿನ ವರ್ಷ, ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಸತೀಶನ ಫೋನ್ ಬಂತು. ದಿವ್ಯಶ್ರೀಗೆ ಕರೆಂಟ್ ಹೊಡೆದಿದೆ, ಗಾಬರಿ ಬೇಡ, ಬನ್ನಿ ಎಂದ. ಗಾಬರಿ ಬೇಡ ಎಂದ ಮೇಲೆ ಸಣ್ಣಸ್ವಾಮಿಯ ಕೈಗೆ ಅಂಗಿಯ ಗುಂಡಿ ಸಿಗಲಿಲ್ಲ. ಗಂಡ ಹೆಂಡತಿ ಸೋಮವಾರಪೇಟೆಯಲ್ಲಿ ಬಸ್ ಬದಲಿಸಿ, ಶನಿವಾರಸಂತೆ ದಾಟಿ ಬೀಗರ ಮನೆ ಸೇರಿದರು.

ಆಗಿದ್ದು ಇಷ್ಟು. ದಿವ್ಯಶ್ರೀ ಉದ್ದಿನಬೇಳೆ ರುಬ್ಬಲು ಗ್ರೈಂಡರ್ ಹಾಕಿದ್ದಳು. ಗ್ರೈಂಡರಿನ ಒಳಗೆ ಸವೆದುಹೋಗಿದ್ದ ವೈರು ಅದರ ಮೈಗೆ ತಾಗಿತ್ತು. ಒದ್ದೆ ಕೈ ಇಟ್ಟವಳನ್ನು ಕರೆಂಟು ಹಿಡಿದುಕೊಂಡಿತು. ಅವಳು ಹೇಗೋ ಹಿಂದಕ್ಕೆ ಬಿದ್ದು ಬದುಕಿದಳು. ಬಲಗೈಯ ಅಂಗೈ ಸುಟ್ಟಿತ್ತು. ಅವಳು ಬಿದ್ದ ಮೇಲೂ ಕರೆಂಟು ನಿಲ್ಲಲಿಲ್ಲ. ಗೋಡೆಯೊಳಗಿನ ವೈರು ಕಾದು, ಕರಗಿ, ಸ್ವಿಚ್ ಬೋರ್ಡು ಹೊತ್ತಿಕೊಂಡು, ಅಡುಗೆಮನೆಯ ಗೋಡೆಯೆಲ್ಲ ಕರ್ರಗಾಗಿ, ಕೊನೆಗೆ ತೋಟದಿಂದ ಓಡಿಬಂದ ಸತೀಶ ಮೇನ್ ಸ್ವಿಚ್ ಇಳಿಸಿದ.

ಸಣ್ಣಸ್ವಾಮಿ ಮಗಳನ್ನು ನೋಡಿ, ಅವಳ ತಲೆ ಸವರಿ, ಬಟ್ಟೆ ಸುತ್ತಿದ ಅವಳ ಕೈಯನ್ನು ನೋಡಲಾರದೆ ಹಜಾರಕ್ಕೆ ಬಂದು ನಿಂತ. ಧರ್ಮಪ್ಪನವರು ಅವನ ಹೆಗಲ ಮೇಲೆ ಕೈಹಾಕಿ ಮೀಟರಿನ ಹತ್ತಿರ ಕರೆದುಕೊಂಡು ಹೋದರು.

"ಎಲ್ಲಾ ಸುಟ್ಟೋಯ್ತು ಬೀಗ್ರೆ. ಗೋಡೆ ಒಳಗಿನ್ ವೈರೆಲ್ಲ ಕರಗೋಗದೆ. ನೀವ್ ಕಟ್ಟಿದ್ ಫ್ಯೂಸ್ ಮಾತ್ರ ನೋಡಿ. ಹೆಂಗಿತ್ತೋ ಹಂಗೇ ಅದೆ."

ಅವರು ಅದನ್ನು ಮನಃಪೂರ್ವಕವಾಗಿ, ಕೃತಜ್ಞತೆಯಿಂದಲೇ ಹೇಳಿದರು. ಮನೆಯಲ್ಲಿ ಒಂದಾದರೂ ಗಟ್ಟಿ ಸಾಮಾನು ಇತ್ತಲ್ಲ ಎನ್ನುವ ಸಮಾಧಾನ ಅವರದು.

ಸುಟ್ಟ ವೈರುಗಳನ್ನು ಎಳೆದು ಹಾಕುತ್ತಿದ್ದವನು ಕೊಡ್ಲಿಪೇಟೆಯ ವೈರ್‌ಮನ್ ನವೀನ್. ಧರ್ಮಪ್ಪನವರು ಅತ್ತ ಹೋದ ಮೇಲೆ ಅವನು ಆ ಫ್ಯೂಸನ್ನು ಕಿತ್ತು ಸಣ್ಣಸ್ವಾಮಿಯ ಮುಂದೆ ಹಿಡಿದ.

"ನೀವೇನಾ ಕಟ್ಟಿದ್ದು?"

"ಹೂಂ. ಐದೆಳೆ."

"ಫ್ಯೂಸ್ ಇಡೋದೇ ಸುಟ್ಟೋಗ್ಲಿ ಅಂತ ಅಣ್ಣ," ಎಂದ ನವೀನ್, ದನಿ ತಗ್ಗಿಸಿ. "ಗ್ರೈಂಡರ್ ವೈರ್ ತಾಗಿದ್ ತಕ್ಷಣ ಇದು ಸುಟ್ಟಿದ್ರೆ ಅಲ್ಲಿಗೇ ಕರೆಂಟ್ ನಿಂತಿರೋದು. ಇದು ಸುಡ್ಲಿಲ್ಲ, ಅದಕ್ಕೆ ಅಕ್ಕನ್ ಕೈ ಸುಡ್ತು. ಮನೆಯವ್ರಿಗೆ ನಾನೇನೂ ಹೇಳಿಲ್ಲ."

ಸಣ್ಣಸ್ವಾಮಿ ಫ್ಯೂಸನ್ನು ನೋಡಿದ. ಎಳೆಗಳು ಹೊಸದಾಗಿ ಹೊಸೆದಂತೆ ಹೊಳೆಯುತ್ತಿದ್ದವು. ಒಳ್ಳೆಯ ಕೆಲಸವಾಗಿತ್ತು. ಅವನಿಗೆ ಅಲ್ಲೇ ಗೋಡೆಗೊರಗಿ ಕೂರಬೇಕೆನ್ನಿಸಿತು, ಕೂತ. ನೀರು ಬೇಕಾ ಎಂದು ಯಾರೋ ಕೇಳಿದರು. ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಟವೆಲ್ಲನ್ನು ಮುಖಕ್ಕೆ ಹಾಕಿಕೊಂಡು ಅತ್ತ. ಮಗಳ ಕೈ ನೆನೆದು ಅಳುತ್ತಾನೆ ಎಂದುಕೊಂಡು ಕಾಮಾಕ್ಷಮ್ಮ ಬೆನ್ನು ಸವರಿದಳು. ಅವಳು ಅಂದುಕೊಂಡದ್ದು ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು.

ಮರುದಿನದಿಂದ ಅವನು ಊರಿನ ಮನೆಮನೆಗೂ ಹೋಗತೊಡಗಿದ. ಜೇಬಿನಲ್ಲಿ ಅಂಗಡಿಯ ಸಣ್ಣ ಫ್ಯೂಸ್ ತಂತಿಯ ಸುರುಳಿ. ಫ್ಯೂಸ್ ಬದಲಾಯಿಸಿ ಕೊಡುತ್ತೇನೆ, ಒಂದೇ ಎಳೆ ಸಾಕು ಎಂದ. ಊರು ಅವನನ್ನು ಪಿಳಿಪಿಳಿ ನೋಡಿತು. ಮೂರೆಳೆಯ ಮನೆಯವರು, ನಾವೇನು ತಪ್ಪು ಮಾಡಿದೆವು ಎಂದು ಕೇಳಿದರು. ನಾಲ್ಕೆಳೆಯ ನೆಂಟರು ಕೇಳಲೂ ಇಲ್ಲ, ಮುಖ ತಿರುಗಿಸಿಕೊಂಡು ಒಳಗೆ ಹೋದರು. ಬದುವಿನ ದಾಯಾದಿ ಫ್ಯೂಸಿಗೆ ಅಡ್ಡ ನಿಂತು, "ಊರೋರ್ ಮುಂದೆ ಕೊಟ್ಟಿರೋ ಎಳೆ ಕಣಯ್ಯ ಇದು, ಮುಟ್ಟು ನೋಡಣ" ಎಂದ. ಮಗಳ ಮನೆ ಸುಟ್ಟದ್ದು ಇದರಿಂದಲೇ ಎಂದು ಹೇಳಿದ್ದರೆ ಕೆಲಸ ಆಗುತ್ತಿತ್ತೇನೋ. ಅದು ಮಾತ್ರ ಅವನ ಬಾಯಿಂದ ಹೊರಡಲಿಲ್ಲ.

ಹೀಗಿರುವಾಗ ಧರ್ಮಪ್ಪನವರ ಫೋನ್ ಬಂತು. ದನಿಯಲ್ಲಿ ಖುಷಿ ತುಳುಕುತ್ತಿತ್ತು. ನವೀನ್ ಹೊಸ ವೈರಿಂಗ್ ಮಾಡಿ ಅದೇನೋ ಸಣ್ಣ ತಂತಿ ಕಟ್ಟಿ ಹೋಗಿದ್ದನಂತೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡ ದಿನ ಮಂಗಳಾರತಿ ಹೊತ್ತಿಗೆ ಸರಿಯಾಗಿ ಅದು ಹೋಯಿತಂತೆ. ನಾಲ್ಕು ಜನರೆದುರು ಮಾನ ಹೋದಂತಾಯಿತಂತೆ.

"ನಿಮ್ ಫ್ಯೂಸ್ ಎಸ್ದಿರ್ಲಿಲ್ಲ ಬೀಗ್ರೆ, ದೇವರ ಮನೇಲಿ ಮಡಗಿದ್ದೆ. ಅದ್ನೇ ತಂದ್ ಹಾಕ್ದೆ. ಈಗ ನಿಶ್ಚಿಂತೆ ನೋಡಿ."

ಸಣ್ಣಸ್ವಾಮಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಗ್ರೈಂಡರು?" ಎಂದ.

"ಅದೇ ಗ್ರೈಂಡರೇ. ರಿಪೇರಿ ಆಯ್ತು."

"ಬೀಗ್ರೆ, ಅದನ್ನ ತೆಗ್ದು ಹಾಕಿ. ನಾನ್ ಬಂದು ಬೇರೆ ಕಟ್ಕೊಡ್ತೀನಿ. ಸಣ್ದು."

ಧರ್ಮಪ್ಪನವರು ಬೇರೆಯೇ ದನಿಯಲ್ಲಿ, "ಯಾಕ್ ಬೀಗ್ರೆ, ನಮ್ಮಿಂದ ಏನಾರ ತಪ್ಪಾಯ್ತಾ?" ಎಂದರು.

ಅವನು ಏನೇನೋ ತೊದಲಿ ಫೋನಿಟ್ಟ. ಮಗಳಿಗೆ ಮಾಡಿದರೆ, "ನಾನ್ ಹುಷಾರಾಗಿದೀನಿ ಅಪ್ಪ" ಎಂದಷ್ಟೇ ಹೇಳಿದಳು. ಅವಳು ದಿನಾ ಬೆಳಿಗ್ಗೆ ಆ ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ಓಡಾಡುವುದು ಕಣ್ಣಿಗೆ ಕಟ್ಟಿ ಅವನಿಗೆ ಊಟ ಸೇರದಾಯಿತು. ಭಾರ ಹೆಚ್ಚಾದರೆ ತಾನೇ ಕೆಳಗೆ ಬೀಳುವ ಎಂಸಿಬಿ ಸ್ವಿಚ್ಚು ಹಾಕಿಸಿಬಿಡು ಎಂದು ನವೀನನಿಗೆ ಫೋನ್ ಮಾಡಿದ. ನವೀನ್ ಅದನ್ನೂ ಹೇಳಿ ನೋಡಿದ್ದನಂತೆ. ಆ ಊರಿನಲ್ಲಿ ಒಬ್ಬರು ಹಾಕಿಸಿ, ಅದು ಮತ್ತೆ ಮತ್ತೆ ಬೀಳುತ್ತದೆಂದು ಕಿತ್ತು ಬಿಸಾಡಿ ನೇರ ವೈರು ಕೊಟ್ಟುಕೊಂಡಿದ್ದರಂತೆ. ಧರ್ಮಪ್ಪನವರಿಗೆ ಆ ಕಥೆ ಚೆನ್ನಾಗಿ ಗೊತ್ತಿತ್ತು.

ಸಣ್ಣಸ್ವಾಮಿ ಜಗಲಿಯಲ್ಲಿ ಕೂತು ಯೋಚನೆ ಮಾಡಿದ. ತಾನು ಹೋಗಿ ಸಣ್ಣ ತಂತಿ ಕಟ್ಟಿ ಬಂದರೂ, ಅದು ಹೋದ ದಿನ ಬೀಗರು ಸೈಕಲ್ ಚೈನನ್ನಾದರೂ ಕಟ್ಟಿಯಾರು. ಸ್ಕ್ರೂ ಇರುವವರೆಗೆ ಅದಕ್ಕೆ ಏನಾದರೊಂದನ್ನು ಸುತ್ತುವ ಕೈ ಇದ್ದೇ ಇರುತ್ತದೆ. ಆ ಕೈ ಎಂಥದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾದರೆ ಕಟ್ಟಲು ಜಾಗವೇ ಇಲ್ಲದ ಫ್ಯೂಸ್ ಬೇಕು. ಸುಟ್ಟರೆ ಒಳಗಿನ ಒಂದು ಚೂರನ್ನು ಮಾತ್ರ ತೆಗೆದು ಬೇರೆ ಚೂರು ಕೂರಿಸಿದರೆ ಆಯಿತು ಎನ್ನುವಂತಿರಬೇಕು. ಹೊರಗಿನ ಪಿಂಗಾಣಿ ಹಿಡಿ ಅದೇ, ಒಳಗಿನ ಚೂರು ಮಾತ್ರ ಹೊಸದು. ಯಾರು ಬೇಕಾದರೂ ಹಾಕುವಂತಿದ್ದರೆ, ದಪ್ಪ ತಂತಿ ಹುಡುಕುವ ತೊಂದರೆ ಯಾರಿಗೂ ಬೇಕಾಗುವುದಿಲ್ಲ.

ಮೊದಲು ಅವನ ಕಣ್ಣು ಬಿದ್ದದ್ದು ಮೂಲೆಯಲ್ಲಿ ಬಿದ್ದಿದ್ದ ಟಿವಿ ಸ್ಟೆಬಿಲೈಜರಿನ ಮೇಲೆ. ಅದರ ಹಿಂದೆ ಮುಚ್ಚಳ ತಿರುಗಿಸಿದರೆ ಸಣ್ಣ ಗಾಜಿನ ಫ್ಯೂಸು ಬರುತ್ತಿತ್ತು. ಅದನ್ನು ಪಿಂಗಾಣಿ ಹಿಡಿಯೊಳಗೆ ಕೂರಿಸಿ, ತನ್ನ ಮನೆಯ ಬೋರ್ಡಿಗೇ ಹಾಕಿ ನೋಡಿದ. ವೈರಿಗೆ ವೈರು ತಾಗಿಸಿದಾಗ ಅದು ಸರಿಯಾಗಿ ಸುಟ್ಟಿತು. ಜೊತೆಗೆ ಸಿಡಿಯಿತು. ಗಾಜಿನ ಚೂರುಗಳು ಹಜಾರ ದಾಟಿ ಅಡುಗೆಮನೆಯವರೆಗೆ ಹಾರಿದವೆಂದು ಕಾಮಾಕ್ಷಮ್ಮ ಮಾಡಿಟ್ಟಿದ್ದ ಹುಳಿಯನ್ನು ಪಾತ್ರೆ ಸಮೇತ ಹಿತ್ತಲಿಗೆ ಚೆಲ್ಲಬೇಕಾಯಿತು. ಗಾಜು ಬೇಡ ಎಂದು ಇಬ್ಬರೂ ಒಪ್ಪಿದರು.

ಗಾಜಿನ ಬದಲು ಪಿಂಗಾಣಿ ಕೊಳವೆ ಬೇಕಿತ್ತು. ಹಳೇ ಹೀಟರುಗಳ ಒಳಗೆ ಅಂಥವು ಸಿಗುತ್ತವೆ. ಊರಿನಲ್ಲಿ ಸುಟ್ಟ ಹೀಟರುಗಳಿಗೆ ಬರವೇನೂ ಇರಲಿಲ್ಲ, ಅದರ ಪುಣ್ಯ ಅವನದೇ. ಬೆರಳಿನ ಒಂದು ಗೆಣ್ಣಿನಷ್ಟುದ್ದ ಕೊಳವೆಯನ್ನು ಕೊಯ್ದು, ಒಳಗೆ ಒಂದೇ ಒಂದು ಸಣ್ಣ ಫ್ಯೂಸ್ ತಂತಿ ತೂರಿಸಿ, ಎರಡು ತುದಿಗೂ ಹಳೇ ಟಾರ್ಚ್ ಸೆಲ್ಲುಗಳ ತಲೆಯ ಲೋಹದ ಟೋಪಿಗಳನ್ನು ಬೆಸುಗೆ ಹಾಕಿ ಕೂರಿಸಿದ. ತಂತಿ ಕರಗಿದಾಗ ಒಳಗೆ ಕಿಡಿ ಉಳಿದು ಕೊಳವೆ ಒಡೆಯುತ್ತಿತ್ತು. ಅದಕ್ಕೆ ಮರಳು ತುಂಬಬೇಕೆಂದು ನವೀನ್ ಫೋನಿನಲ್ಲಿ ಹೇಳಿಕೊಟ್ಟ. ಸಣ್ಣಸ್ವಾಮಿ ಹೊಳೆಯ ಬಿಳಿ ಮರಳನ್ನು ತಂದು, ತೊಳೆದು, ರೊಟ್ಟಿ ಹೆಂಚಿನ ಮೇಲೆ ಹುರಿದು, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದ. ಇದು ಕಾಮಾಕ್ಷಮ್ಮನಿಗೆ ಗೊತ್ತಾಗಿದ್ದು ರಾತ್ರಿ ರೊಟ್ಟಿ ಕಡಿದಾಗ. ಆಮೇಲೆ ಅವನು ತನ್ನದೇ ಒಂದು ಜರಡಿ ಕೊಂಡುಕೊಂಡ.

ಪಿಂಗಾಣಿ ಹಿಡಿಯಿಂದ ಸ್ಕ್ರೂಗಳನ್ನು ಪೂರ್ತಿ ಕಿತ್ತು ಹಾಕಿ, ಕೊಳವೆ ಮಾತ್ರ ಕಚ್ಚಿಕೊಳ್ಳುವಂಥ ಹಿತ್ತಾಳೆ ಕ್ಲಿಪ್ಪುಗಳನ್ನಿಟ್ಟ. ಬೋರ್ಡಿನ ಮೇಲೆ ಆ ಹಿಡಿ ಕೂರುವ ಗೂಡಿನ ನಡುವೆಯೂ ಒಂದು ಪಿಂಗಾಣಿ ಚೂರು ಅಂಟಿಸಿದ. ಹಳೇ ನಮೂನೆಯ ಫ್ಯೂಸನ್ನು ತಂದರೆ ಅದು ಅಲ್ಲಿ ಕೂರುವುದೇ ಇಲ್ಲ. ಎಲ್ಲ ಮುಗಿದ ದಿನ ಕಾಮಾಕ್ಷಮ್ಮ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ರಲ್ಲಿ ಕಟ್ಟೋಕೆ ಜಾಗ್ವೇ ಇಲ್ವಲ್ಲ."

"ಇಲ್ಲ."

"ಎಲ್ರ ಮನೇಗೂ ಇದೇ ಆದ್ರೆ ನಿಮ್ಮನ್ನ ಯಾರ್ ಕರೀತಾರೆ?"

ಆ ಪ್ರಶ್ನೆ ಅವನಿಗೂ ಬಂದಿತ್ತು. ಊರಿನಲ್ಲಿ ಅವನಿಗಿದ್ದದ್ದು ಅದೊಂದೇ ಹೆಸರು, ಅದು ಹೋಗುವುದಕ್ಕೆ ಅವನಿಗೆ ಖಂಡಿತ ದುಃಖವಿತ್ತು. ಹೋಗಲಿ ಎಂದು ಬಾಯಲ್ಲಿ ಹೇಳುವಷ್ಟು ದೊಡ್ಡ ಮನುಷ್ಯ ಅವನಲ್ಲ. ಸುಮ್ಮನೆ ಇನ್ನೊಂದು ಕೊಳವೆಗೆ ಮರಳು ತುಂಬತೊಡಗಿದ.

ಹೆಸರು ಹೋಗಲು ಬಹಳ ದಿನ ಬೇಕಾಗಲಿಲ್ಲ. ಅವನ ಮನೆಗೆ ಹಾಕಿದ ಹೊಸ ಫ್ಯೂಸ್, ಕಾಮಾಕ್ಷಮ್ಮ ಹೀಟರಿನ ಜೊತೆ ಮಿಕ್ಸಿ ತಿರುಗಿಸಿದ ಸಂಜೆ ತನ್ನ ಕೆಲಸ ಮಾಡಿತು. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕರೆಂಟ್ ಇದೆ, ಫ್ಯೂಸ್ ಸಣ್ಣಸ್ವಾಮಿಯ ಮನೆಯಲ್ಲಿ ಇಲ್ಲ. ನೋಡಲು ಜನ ಬಂದರು. ಸತ್ತ ಮನೆಗೆ ಬಂದವರಂತೆ ಮೆಲ್ಲಗೆ ಮಾತಾಡಿದರು. ವಯಸ್ಸಾಯಿತು, ಕೈ ಹಿಡಿತ ಹೋಗಿರಬೇಕು ಎಂದರು. ಕಾಮಾಕ್ಷಮ್ಮ ಡಬ್ಬಿಯಿಂದ ಹೊಸ ಕೊಳವೆ ತೆಗೆದು ತಾನೇ ಹಾಕಿ ದೀಪ ಬರಿಸಿದಳು. ಹೆಂಗಸಿನ ಕೈಯಲ್ಲಿ ಫ್ಯೂಸ್ ಹಾಕಿಸುವ ಗತಿ ಬಂತಲ್ಲ ಎಂದು ಅವರು ಇನ್ನಷ್ಟು ನೊಂದುಕೊಂಡು ಹೋದರು.

ಯುಗಾದಿಯ ಮರುದಿನ ಸಣ್ಣಸ್ವಾಮಿ ಹೊಸ ಫ್ಯೂಸು, ಅದರ ಗೂಡು, ಒಂದು ಡಬ್ಬಿ ಕೊಳವೆ ಇವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಕೊಡ್ಲಿಪೇಟೆಗೆ ಹೊರಟ. ಕಾಮಾಕ್ಷಮ್ಮ ಹೋಳಿಗೆ ಕಟ್ಟಿಕೊಟ್ಟಳು. ಈ ಸಲ ಹೇಳಿಬಿಡಬೇಕು ಎಂದು ಅವನು ದಾರಿಯುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದ್ದೆಲ್ಲ ಬೀಗರ ಮನೆಯ ಮೆಟ್ಟಿಲು ಹತ್ತುವಾಗ ಮರೆತುಹೋಯಿತು.

ಧರ್ಮಪ್ಪನವರು, ಅವರ ಹೆಂಡತಿ ವಿಮಲಮ್ಮ, ಸತೀಶ ಎಲ್ಲ ಹಜಾರದಲ್ಲಿದ್ದರು. ದಿವ್ಯಶ್ರೀ ಒಳಗೆ ಏನೋ ರುಬ್ಬುತ್ತಿದ್ದಳು, ಕಲ್ಲಿನ ಸದ್ದು ಬರುತ್ತಿತ್ತು. ಕಾಫಿ ಕುಡಿದಾದ ಮೇಲೆ ಸಣ್ಣಸ್ವಾಮಿ ಫ್ಯೂಸನ್ನು ಚೀಲದಿಂದ ತೆಗೆದು ಟೀಪಾಯಿಯ ಮೇಲಿಟ್ಟ. ಧರ್ಮಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು.

"ಚೆನ್ನಾಗದೆ. ಎಷ್ಟೆಳೆ ಬೀಗ್ರೆ?"

"ಒಂದು."

ಸತೀಶ ಸೂರಿನ ಹೆಂಚಿನ ಕಡೆ ನೋಡಿದ. ವಿಮಲಮ್ಮ ಕಾಫಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿದರು. ಧರ್ಮಪ್ಪನವರು ಕನ್ನಡಕ ತೆಗೆದು ಒರೆಸುತ್ತಾ, "ಹಬ್ಬದ್ ಮಾರ್ನೇ ದಿನ ಬಂದು ಹಿಂಗ್ ಮಾಡ್ಬಾರ್ದು ನೀವು," ಎಂದರು. "ಐದು ಹಾಕಿದ್ ಕೈಯಿಂದ ಒಂದ್ ಹಾಕಿದ್ರೆ ಜನ ಏನಂತಾರೆ? ನಿಮ್ಮ ಮಗಳನ್ನ ನಾವು ಸರಿಯಾಗ್ ನೋಡ್ಕೊತಿಲ್ಲ ಅನ್ನಲ್ವಾ?"

"ಆವತ್ತು ನಿಮ್ಮನೆ ಸುಟ್ಟಿದ್ದು ನನ್ನಿಂದ ಬೀಗ್ರೆ," ಎಂದ ಸಣ್ಣಸ್ವಾಮಿ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನೇ ಬಂತು. "ಫ್ಯೂಸ್ ಸುಡ್ಬೇಕಾಗಿತ್ತು. ನಾನ್ ಐದೆಳೆ ಹಾಕಿ ಅದನ್ನ ಸುಡ್ದಂಗ್ ಮಾಡಿದ್ದೆ. ಅದಕ್ಕೇ ಮಗೀನ್ ಕೈ ಹೋಯ್ತು. ನನ್ನ ಮಗಳನ್ನ ನಾನೇ ಕೊಂದಾಕ್ತಿದ್ದೆ."

ಧರ್ಮಪ್ಪನವರು ಅವನನ್ನೇ ನೋಡಿದರು. ಆಮೇಲೆ ಎದ್ದು ಬಂದು ಪಕ್ಕದಲ್ಲಿ ಕೂತು ಅವನ ತೊಡೆ ತಟ್ಟಿದರು.

"ದೊಡ್ಡೋರು ಕಣ್ರಿ ನೀವು. ಗ್ರೈಂಡರ್ ಕಂಪ್ನಿಯೋರ್ ತಪ್ಪನ್ನ ತಲೆ ಮೇಲ್ ಹೊತ್ಕತಿದೀರಲ್ಲ."

ತಪ್ಪು ಒಪ್ಪಿಕೊಂಡದ್ದಕ್ಕೆ ಸಣ್ಣಸ್ವಾಮಿಯ ಮರ್ಯಾದೆ ಇನ್ನೂ ಒಂದೆಳೆ ಹೆಚ್ಚಾದಂತಿತ್ತು. ಒಳಗೆ ರುಬ್ಬುವ ಸದ್ದು ನಿಂತಿತು. ದಿವ್ಯಶ್ರೀ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೂ ಹಿಟ್ಟು.

"ಅಪ್ಪ ಹೇಳ್ತಿರೋದು ನಿಜ ಮಾವ," ಎಂದಳು. "ನವೀನ್ ಹೇಳಿದ್ದು ಆವತ್ತೇ ನನ್ ಕಿವಿಗೂ ಬಿದ್ದಿತ್ತು."

"ಯಾಕವ್ವ ಹೇಳ್ಲಿಲ್ಲ?"

"ಹೇಳಿದ್ರೆ ಎಲ್ರೂ ಅಪ್ಪನ್ನ ಆಡ್ಕೊಳೋರು. ನಂಗೆ ಬೇಕಿರ್ಲಿಲ್ಲ."

"ಮತ್ತೆ ಆ ಫ್ಯೂಸ್ ವಾಪಸ್ ಹಾಕ್ದಾಗ?" ಎಂದ ಸತೀಶ.

"ಆವತ್ತಿಂದ ನಾನ್ ಗ್ರೈಂಡರ್ ಮುಟ್ಟಿಲ್ಲ. ಮಿಕ್ಸಿನೂ ಮುಟ್ಟಿಲ್ಲ. ಕಲ್ಲಲ್ ರುಬ್ಬಿದ್ರೆ ರುಚಿ ಅಂತ ಅಂದಿದ್ದು ಸುಳ್ಳು."

ವಿಮಲಮ್ಮ ಎದ್ದು ಹೋಗಿ ಸೊಸೆಯ ಕೈ ಹಿಡಿದು ತಿರುಗಿಸಿದರು. ಸುಟ್ಟು ಮಾಗಿದ ಅಂಗೈಯ ಮೇಲೆ ಗುಂಡುಕಲ್ಲು ತಿರುಗಿಸಿ ಎದ್ದ ಬೊಬ್ಬೆಗಳಿದ್ದವು. ಒಂದು ಒಡೆದಿತ್ತು. ಸಣ್ಣಸ್ವಾಮಿ ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದ. ತನ್ನ ಹೆಸರು ಇಷ್ಟು ದಿನ ಉಳಿದದ್ದು ಯಾವುದರ ಮೇಲೆ ಎಂದು ಅವನಿಗೆ ತಿಳಿಯಿತು, ನಾಚಿಕೆಯಿಂದ ಅವನ ಮೈ ಸುಟ್ಟಿತು.

ಧರ್ಮಪ್ಪನವರು ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿ, ಐದೆಳೆಯ ಫ್ಯೂಸನ್ನು ತಾವೇ ಕಿತ್ತು ತಂದು ಬೀಗರ ಕೈಗೆ ಕೊಟ್ಟರು. ಸಣ್ಣಸ್ವಾಮಿ ಹಳೇ ಗೂಡನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಗೂಡು ಬಿಗಿಯುವ ಸ್ಕ್ರೂಗಳನ್ನು ಸತೀಶ ತಿರುಗಿಸಿಕೊಟ್ಟ. ಸ್ವಿಚ್ ಏರಿಸಿದಾಗ ಫ್ಯಾನು ತಿರುಗಿತು.

ಕಲ್ಲಿನಲ್ಲಿ ಇನ್ನೂ ಅರ್ಧ ಹಿಟ್ಟು ಉಳಿದಿತ್ತು. ದಿವ್ಯಶ್ರೀ ಅದನ್ನು ಬಳಿದು, ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದ ಗ್ರೈಂಡರಿಗೆ ಹಾಕಿದಳು. ಬೇಡ ಕಣವ್ವ, ಇವತ್ತು ಬೇಡ ಎಂದು ಸಣ್ಣಸ್ವಾಮಿ ಬಾಗಿಲಲ್ಲಿ ನಿಂತು ಬೇಡಿಕೊಂಡ. ಅವಳು ಸ್ವಿಚ್ ಒತ್ತಿದಳು. ಆಮೇಲೆ ಬಲಗೈಯನ್ನು ಅದರ ಮೈಮೇಲೆ ಇಟ್ಟಳು. ಅವನು ಕಣ್ಣು ಮುಚ್ಚಿಕೊಂಡ.

ಗ್ರೈಂಡರ್ ತಿರುಗಿತು. ಒಂದು ಸುತ್ತು ಹಿಟ್ಟು ನುಣ್ಣಗಾಗುವಷ್ಟು ಹೊತ್ತು ತಿರುಗಿತು. ಇಷ್ಟರಲ್ಲಿ ಬೀಗರಿಗೆ ಸ್ನಾನಕ್ಕೆ ನೀರು ಕಾಯಲಿ ಎಂದು ವಿಮಲಮ್ಮ ಬಚ್ಚಲಿನಲ್ಲಿ ದೊಡ್ಡ ಹೀಟರು ಹಾಕಿದರು. ಮೀಟರಿನ ಹತ್ತಿರ ಟಪ್ ಎಂದಿತು. ಗ್ರೈಂಡರ್ ನಿಂತಿತು, ಹಜಾರದ ಫ್ಯಾನು ನಿಧಾನವಾಗಿ ನಿಂತಿತು, ಮನೆಯೆಲ್ಲ ನಿಶ್ಶಬ್ದವಾಯಿತು.

ಸಣ್ಣಸ್ವಾಮಿ ಕಣ್ಣು ತೆರೆದ. ಮಗಳು ಗ್ರೈಂಡರಿನ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಬಾಗಿಲ ಚೌಕಟ್ಟು ಹಿಡಿದು ಬಿಕ್ಕಿಬಿಕ್ಕಿ ಅಳತೊಡಗಿದ. ಅಷ್ಟು ಸಂತೋಷ ಅವನಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ಧರ್ಮಪ್ಪನವರು ಓಡಿಬಂದು ಅವನನ್ನು ತಬ್ಬಿಕೊಂಡರು.

"ಬೇಜಾರ್ ಮಾಡ್ಕೋಬೇಡಿ ಬೀಗ್ರೆ," ಎಂದು ಬೆನ್ನು ತಟ್ಟಿದರು. "ಒಂದ್ ಸಲ ಹೋಯ್ತು ಅಂತ ಮನ್ಸಿಗ್ ಹಚ್ಕೋಬಾರ್ದು. ಎಂಥೆಂಥೋರ್ ಕಟ್ಟಿದ್ದೂ ಹೋಗ್ತದೆ. ನಾವ್ ಯಾರ್ಗೂ ಹೇಳಲ್ಲ."

ದಿವ್ಯಶ್ರೀ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದಳು. ಅತ್ತೆಗೆ ಹೀಟರ್ ತೆಗೆಯಲು ಹೇಳಿ, ಮೇನ್ ಸ್ವಿಚ್ ಇಳಿಸಿ, ಅಪ್ಪನ ಡಬ್ಬಿಯಿಂದ ಒಂದು ಕೊಳವೆ ತೆಗೆದು ಫ್ಯೂಸಿಗೆ ಕೂರಿಸಿ, ಉಳಿದ ಹಿಟ್ಟು ರುಬ್ಬಲು ಒಳಗೆ ಹೋದಳು.